ಅಕ್ಕನಿಗೆ ಗೈಡ್ ಇಲ್ಲದ ವರ್ಷ

ನಮ್ಮ ಗೈಡ್ ನಿವೃತ್ತರಾದ ದಿನ ಅವರಿಗೆ ಮೈಸೂರು ಪೇಟ ತೊಡಿಸಿ, ಏಲಕ್ಕಿ ಹಾರ ಹಾಕಿ, ಶಾಲು ಹೊದಿಸಿದರು. ಮಾತಾಡಲು ಎದ್ದವರು ಕಣ್ಣೊರೆಸಿಕೊಂಡು, "ನನ್ನ ವಿದ್ಯಾರ್ಥಿಗಳೇ ನನ್ನ ಮಕ್ಕಳು" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಪಕ್ಕದಲ್ಲಿ ಕೂತಿದ್ದ ಅಕ್ಕ ಮಾತ್ರ ಕೈ ಮಡಿಲಲ್ಲಿಟ್ಟುಕೊಂಡು ವೇದಿಕೆಯನ್ನೇ ನೋಡುತ್ತಿದ್ದಳು.

ಆ ಮಕ್ಕಳಲ್ಲಿ ಇಬ್ಬರ ಪಿಎಚ್‌ಡಿ ಇನ್ನೂ ಮುಗಿದಿರಲಿಲ್ಲ. ಒಬ್ಬಳು ನಾನು, ಆಗಷ್ಟೇ ಕೋರ್ಸ್‌ವರ್ಕ್ ಪರೀಕ್ಷೆ ಬರೆದವಳು. ಇನ್ನೊಬ್ಬಳು ಅಕ್ಕ, ಐದು ವರ್ಷ ದುಡಿದು ಪ್ರಬಂಧದ ಕೊನೆಯ ಅಧ್ಯಾಯಕ್ಕೆ ಬಂದವಳು. ನಮ್ಮನ್ನು ಯಾರ ಕೈಗೆ ಒಪ್ಪಿಸಿ ಹೋಗುತ್ತೀರಿ ಎಂದು ಅಕ್ಕ ತಿಂಗಳುಗಟ್ಟಲೆ ಮುಂಚಿನಿಂದ ಕೇಳುತ್ತಲೇ ಇದ್ದಳು. "ಡಿಪಾರ್ಟ್‌ಮೆಂಟು ನೋಡ್ಕೊಳ್ಳುತ್ತೆ ಬಿಡಮ್ಮ" ಎಂಬುದೇ ಅವರ ಉತ್ತರ. ಮುಂದಿನ ಸೋಮವಾರ ಹೋಗಿ ನೋಡಿದರೆ ಅವರ ಕೋಣೆಗೆ ಬೀಗ. ಬಾಗಿಲ ಮೇಲಿದ್ದ ಹೆಸರಿನ ಫಲಕ ತೆಗೆದು, ಮೊಳೆ ಮಾತ್ರ ಬಿಟ್ಟಿದ್ದರು.

ಗೈಡ್ ಇಲ್ಲದ ಸಂಶೋಧನಾರ್ಥಿ ಅಂದರೆ ಏನೆಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಲ್ಯಾಬಿನ ಕೀಲಿ ಕೇಳಲು ಗೈಡ್ ಸಹಿ ಬೇಕು. ಆರು ತಿಂಗಳ ವರದಿಗೆ ಸಹಿ ಬೇಕು. ಫೆಲೋಶಿಪ್ ಬರಲು ಸಹಿ ಬೇಕು. ಬರೆದು ಮುಗಿಸಿದ ಪ್ರಬಂಧವನ್ನು ಒಳಗೆ ತಗೊಳ್ಳಲು ಸಹಿ ಬೇಕು. ಸಹಿ ಹಾಕುವ ಕೈ ಎದ್ದು ಮನೆಗೆ ಹೋದರೆ, ನೀವು ಬದುಕಿದ್ದೂ ಆ ಕಟ್ಟಡದಲ್ಲಿ ಇಲ್ಲದವರು.

ಅಕ್ಕ ನನ್ನ ಒಡಹುಟ್ಟಿದವಳಲ್ಲ. ನಾನು ಬೂದಿಕೋಟೆ ಕಡೆಯ ಹಳ್ಳಿಯವಳು. ಮನೆಯಲ್ಲಿ ಹಸು, ಸ್ವಲ್ಪ ರಾಗಿ ಹೊಲ, ಬೆಳಿಗ್ಗೆ ಸಾಯಂಕಾಲ ಡೇರಿಗೆ ಹಾಲು. ಅವಳು ಕೆಜಿಎಫ್‌ನ ನಂದಿದುರ್ಗದ ಗಣಿ ಕಾರ್ಮಿಕರ ಲೈನ್ ಮನೆಯವಳು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ನಮ್ಮ ವಿಶ್ವವಿದ್ಯಾಲಯ ಎಲ್ಲಿದೆ ಎಂದು ಹೇಳಲು ನನಗಿಷ್ಟವಿಲ್ಲ. ರೈಲು ಹತ್ತಿ ಹೋಗುವಷ್ಟು ದೂರ ಅಂದರೆ ಸಾಕು. ನಾನು ಮೊದಲ ಬಸ್ಸಿಗೆ ಬಂಗಾರಪೇಟೆಗೆ ಬಂದು ಸ್ಟೇಷನ್ನಿಗೆ ಓಡುವಷ್ಟರಲ್ಲಿ ಮಾರಿಕುಪ್ಪಂ ಗಾಡಿ ತುಂಬಿ ಬಂದಿರುತ್ತಿತ್ತು. ಮನೆ ಹತ್ತಿರದ ಊರ್ಗಾಂ ಸ್ಟೇಷನ್ನಿನಲ್ಲಿ ಹತ್ತುತ್ತಿದ್ದ ಅಕ್ಕ ಸೀಟಿನ ಮೇಲೆ ಬ್ಯಾಗಿಟ್ಟುಕೊಂಡು, ಜಗಳಕ್ಕೆ ಬಂದವರಿಗೆಲ್ಲ "ಆಳು ಇದಾರೆ, ಆಳು ಇದಾರೆ" ಎಂದು ಹೇಳಿ, ಕಿಟಕಿಯಿಂದ ಕೈ ಬೀಸುತ್ತಿದ್ದಳು. "ಏಯ್ ತಂಗಚ್ಚಿ, ಇಲ್ಲಿ!" ತಂಗಚ್ಚಿ ಅಂದರೆ ಅವರ ಭಾಷೆಯಲ್ಲಿ ತಂಗಿ.

ಹೊಸದಾಗಿ ಸೇರಿದವರಿಗೆ ವಿಶ್ವವಿದ್ಯಾಲಯ ಏನೂ ಹೇಳಿಕೊಡುವುದಿಲ್ಲ. ಎಲ್ಲ ಹೇಳಿಕೊಟ್ಟವಳು ಅವಳು. ಗಿಡವನ್ನು ಹಳೆ ಪೇಪರಿನ ನಡುವೆ ಒತ್ತಿ ಒಣಗಿಸುವುದು, ಯಾವ ಗುಮಾಸ್ತರ ಹತ್ತಿರ ಯಾವ ಹೊತ್ತಿನಲ್ಲಿ ಹೋಗಬೇಕು, ಸೆಮಿನಾರಿನಲ್ಲಿ ಗೊತ್ತಿಲ್ಲದ ಪ್ರಶ್ನೆ ಬಂದರೆ ಹೆದರದೆ ಗೊತ್ತಿಲ್ಲ ಅನ್ನುವುದು, ಮುಟ್ಟಿನ ದಿನ ಫೀಲ್ಡಿಗೆ ಹೋಗುವುದು ಬೇಡವಾದರೆ ಯಾವ ಸುಳ್ಳು ಹೇಳಬೇಕು. ಎಲ್ಲ ರೈಲಿನಲ್ಲೇ ಕಲಿತೆ.

ಅವಳ ಸಂಶೋಧನೆ ಅವಳ ಮನೆಯ ಹಿಂದೆಯೇ ಇತ್ತು. ಗಣಿಯಿಂದ ತೆಗೆದ ಕಲ್ಲನ್ನು ಪುಡಿ ಮಾಡಿ, ಸೈನೈಡ್ ಹಾಕಿ ಚಿನ್ನ ತೆಗೆದುಕೊಂಡು, ಉಳಿದದ್ದನ್ನು ಸುರಿದು ಸುರಿದು ಆದ ಬೂದು ಬಣ್ಣದ ದೊಡ್ಡ ಗುಡ್ಡಗಳು ಅಲ್ಲಿವೆ. ಸೈನೈಡ್ ಗುಡ್ಡ ಅನ್ನುತ್ತಾರೆ. ಆಷಾಢದ ಗಾಳಿಗೆ ಅದರ ಧೂಳು ಎದ್ದು ಮನೆಮನೆಗೆ ನುಗ್ಗುತ್ತದೆ. ಅಂಥ ವಿಷದ ಮಣ್ಣಿನಲ್ಲೂ ತಾವಾಗಿ ಬೇರು ಬಿಡುವ ಗಿಡಗಳು ಯಾವುವು, ಅವು ಧೂಳನ್ನು ಹಿಡಿದಿಡುತ್ತವೆಯೇ, ವಿಷವನ್ನು ಎಲೆಗೆ ಏರಿಸಿಕೊಂಡು ಮೇಕೆಗಳ ಹೊಟ್ಟೆಗೆ ಕಳಿಸುತ್ತವೆಯೇ ಎಂಬುದು ಅವಳ ವಿಷಯ. ಐದು ಮಳೆಗಾಲ, ಐದು ಬೇಸಿಗೆ ಅವಳು ಆ ಗುಡ್ಡ ಹತ್ತಿ ಇಳಿದಿದ್ದಳು.

ಗೈಡ್ ಹೋದ ಕೆಲವು ವಾರಕ್ಕೆ ನಮ್ಮ ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥರು ನನ್ನನ್ನು ಕರೆಸಿದರು. ಒಬ್ಬಳನ್ನೇ.

"ಕೂತ್ಕೊ. ನಿನ್ನನ್ನ ನಾನು ತಗೊಳ್ತೀನಿ" ಎಂದರು. ನನಗೆ ಜೀವ ಬಂದಂತಾಯಿತು. "ಟಾಪಿಕ್ ಬಗ್ಗೆ ತಲೆ ಕೆಡಿಸ್ಕೋಬೇಡ. ಆ ಸೈನೈಡ್ ಡಂಪ್ ಗಿಡಗಳದ್ದು ಚೆನ್ನಾಗಿದೆ. ಒಣಗಿಸಿದ ಗಿಡದ ಸ್ಪೆಸಿಮನ್ನೂ ಇದೆ, ರೀಡಿಂಗೂ ಇದೆ. ಮುಂದುವರಿಸು. ಎರಡು ವರ್ಷಕ್ಕೆ ಮುಗಿದುಹೋಗುತ್ತೆ."

ನನಗೆ ಮೊದಲು ಅರ್ಥವಾಗಲಿಲ್ಲ. "ಅದು ಅಕ್ಕಂದು ಸಾರ್" ಎಂದೆ.

"ಅವಳದ್ದು ಟೈಮ್ ಆಗ್ತಾ ಬಂತು. ರಿಜಿಸ್ಟ್ರೇಷನ್ ಉಳಿಯೋದೇ ಡೌಟು. ನನ್ನ ಹತ್ರ ಒಂದೇ ಸೀಟು ಇರೋದು. ಸ್ಪೆಸಿಮನ್ ಡಿಪಾರ್ಟ್‌ಮೆಂಟಿನ ಆಸ್ತಿ, ಅವಳ ಮನೇದಲ್ಲ."

"ಅಕ್ಕಂದು ಬರೀ ಬರೆಯೋದು ಬಾಕಿ ಸಾರ್. ಆ ಸೀಟು ಅವಳಿಗೇ ಕೊಡಿ. ನಾನು ಕಾಯ್ತೀನಿ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಕ್ಕ ತಂಗಿ ಎಲ್ಲ ಮನೇಲಿ ಇಟ್ಕೊ. ಇದು ಯೂನಿವರ್ಸಿಟಿ."

ಇಷ್ಟು ದಿನವಾದರೂ ಆ ಮಾತು ನೆನಪಾದರೆ ನನ್ನ ಕಿವಿ ಬಿಸಿಯಾಗುತ್ತದೆ. ಮಕ್ಕಳು ಅನ್ನಬಹುದು, ಶಾಲು ಹೊದಿಸಿಕೊಳ್ಳುವಾಗ. ಕುಟುಂಬ ಅನ್ನಬಹುದು, ವಾರ್ಷಿಕೋತ್ಸವದ ಭಾಷಣದಲ್ಲಿ. ನಾವು ನಾವೇ ಅಕ್ಕ ತಂಗಿ ಅಂದುಕೊಂಡರೆ ಮಾತ್ರ ಅದು ಮನೆಯಲ್ಲಿಟ್ಟು ಬರಬೇಕಾದ ಸಾಮಾನು.

"ನನಗೆ ಬೇಡ ಸಾರ್" ಎಂದು ಹೇಳಿ ಎದ್ದು ಬಂದೆ. ಧೈರ್ಯದಿಂದಲ್ಲ, ಸಿಟ್ಟಿನಿಂದ.

ಸಾಯಂಕಾಲ ಬಂಗಾರಪೇಟೆ ಪ್ಲಾಟ್‌ಫಾರಂನಲ್ಲಿ ಅಕ್ಕನಿಗೆ ಹೇಳಿದೆ. ಅವಳ ಗಾಡಿ ಇನ್ನೂ ನಿಂತಿತ್ತು. ಅವಳು ಕಡಲೆಕಾಯಿ ಸುಲಿಯುತ್ತ ಪೂರ್ತಿ ಕೇಳಿಸಿಕೊಂಡಳು. ನಾನು ಬೈಗುಳ ಬರುತ್ತದೆ ಅಂದುಕೊಂಡಿದ್ದೆ. ಅವಳು ನಕ್ಕಳು. "ಐದು ವರ್ಷ ನಾನು ಅವರ ಆಸ್ತಿಗೆ ಕಾವಲು ಕಾಯ್ತಿದ್ದೆನಾ ಹಂಗಾದ್ರೆ?" ಎಂದು ಕೇಳಿ, ಸಿಪ್ಪೆ ಕೊಡವಿಕೊಂಡು ಗಾಡಿ ಹತ್ತಿದಳು. ಮಾರನೇ ದಿನ ಸೀಟಿನಲ್ಲಿ ಅವಳಿರಲಿಲ್ಲ. ಅದರ ಮಾರನೇ ದಿನವೂ ಇರಲಿಲ್ಲ. ಫೋನ್ ಹೊಡೆದರೆ ಎತ್ತಲಿಲ್ಲ.

ಮನೆಯಲ್ಲಿ ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಹಾಲು ಕರೆಯುತ್ತಿದ್ದವಳು ಮುಖ ತಿರುಗಿಸದೆ, "ಓಗ್ಲಿ ಬಿಡಮ್ಮಿ. ದೊಡ್ಡೋರ ತಂಟೆ ನಿಂಗ್ಯಾಕೆ? ನಿಂದು ನೀನು ನೋಡ್ಕೊ" ಎಂದಳು. ಬಕೆಟ್ಟು ತುಂಬಿ ಎದ್ದ ಮೇಲೆ ಅವಳೇ ಕೇಳಿದಳು: "ರೈಲಾಗೆ ನಿಂಗೆ ಸೀಟು ಇಡಿಯೋಳು ಅವ್ಳೇ ಅಲ್ವ?"

"ಊಂ."

"ಮತ್ತೆ ಓಗಿ ನೋಡ್ಕಂಬಾ. ಏನು ಕಲ್ಲಾಗಿ ಕೂತಿದೀಯ?"

ಭಾನುವಾರ ನಂದಿದುರ್ಗಕ್ಕೆ ಹೋದೆ. ಸಾಲು ಸಾಲು ತಗ್ಗು ಮನೆಗಳು, ಒಂದರ ಗೋಡೆಗೆ ಇನ್ನೊಂದು. ಅಕ್ಕನ ಅಮ್ಮ ಬಾಗಿಲಲ್ಲೇ ಸಿಕ್ಕಿದರು. "ವಾಮ್ಮ, ಬಾ ಬಾ" ಎಂದು ಎರಡು ಭಾಷೆಯಲ್ಲೂ ಕರೆದು, "ಏನೋ ಕಾಲೇಜಿಗೆ ಲೀವು ಬಿಟ್ಟವ್ರಂತಲ್ಲ, ಯಾವಾಗ ತೆಗೀತಾರೆ?" ಎಂದು ಕೇಳಿದರು. ಅಕ್ಕ ಒಳಗಿನಿಂದ ನನ್ನನ್ನು ಕಣ್ಣಲ್ಲೇ ತಡೆದಳು. ನಾನು, "ತೆಗೀತಾರೆ ಅಮ್ಮ, ಬೇಗ" ಎಂದೆ.

ಇಬ್ಬರೂ ಮನೆಯ ಹಿಂದಕ್ಕೆ ಹೋದೆವು. ಗುಡ್ಡದ ಬುಡದಲ್ಲಿ ತಂಗಡಿ ಹಳದಿ ಹೂ ಬಿಟ್ಟಿತ್ತು. ನಮ್ಮ ಕಡೆ ತಂಗಡಿ, ತೆಲುಗಿನವರಿಗೆ ತಂಗೇಡು, ಅವಳಿಗೆ ಆವಾರಂ. ಅವಳು ಕಲ್ಲಿನ ಮೇಲೆ ಕೂತು, ರಾಬರ್ಟ್‌ಸನ್‌ಪೇಟೆಯ ಒಂದು ಖಾಸಗಿ ಶಾಲೆಗೆ ಸೇರುತ್ತೇನೆ ಎಂದಳು. ಹೈಸ್ಕೂಲಿಗೆ ವಿಜ್ಞಾನ. ಮಾತಾಡಿ ಆಗಿದೆ.

"ಪ್ರಬಂಧ?"

"ಯಾರಿಗೆ ಕೊಡ್ಲಿ? ಮೊಳೆಗೆ ನೇತು ಹಾಕ್ಲಾ?"

"ಎಲ್ಲ ಬಿಟ್ಟು ಹೋಗ್ತೀಯ? ನಾಚಿಕೆ ಆಗಲ್ವ ನಿಂಗೆ?" ಎಂದು ಕಿರುಚಿದೆ. ನನಗೆ ಅವಳ ಮೇಲೆ ನಿಜವಾಗಿಯೂ ಸಿಟ್ಟು ಬಂದಿತ್ತು.

ಅವಳು ಎದ್ದು ನಿಂತಳು. "ನಿಂಗೆ ಸಿಟ್ಟು ಮಾಡ್ಕೊಳ್ಳೋದು ಸುಲಭ ಕಣೇ. ನಿಂದಿನ್ನೂ ಶುರು. ನಾನು ಡೀನ್ ಆಫೀಸಿನ ಬೆಂಚಲ್ಲಿ ಎಷ್ಟು ದಿನ ಕೂತಿದೀನಿ ಗೊತ್ತಾ? ಬೆಳಿಗ್ಗೆಯಿಂದ ಕೂರ್ಸಿ, ಸಾಯಂಕಾಲ ಪ್ಯೂನ್ ಕೈಲಿ ನಾಳೆ ಬಾ ಅಂತ ಹೇಳಿಸ್ತಾರೆ. ಊರಲ್ಲಿ ಸಿಕ್ಕೋರೆಲ್ಲ ಇನ್ನೂ ಮುಗಿಲಿಲ್ವಾ, ಇನ್ನೂ ಮುಗಿಲಿಲ್ವಾ ಅಂತಾರೆ. ನಾನೇ ಸೋಂಬೇರಿ ಅನ್ನೋ ಹಂಗೆ. ಈಗ ನಂಗೂ ಹಂಗೇ ಅನ್ಸ್ತಿದೆ. ನಾನೇ ಏನೋ ತಪ್ಪು ಮಾಡಿದೀನಿ ಅಂತ."

ಮುಖ್ಯಸ್ಥರು ಅವಳ ಸ್ಪೆಸಿಮನ್ ತಮ್ಮದೆಂದದ್ದಕ್ಕಿಂತ ದೊಡ್ಡ ಕಳ್ಳತನ ಆ ಕೊನೆಯ ಮಾತಿನಲ್ಲಿತ್ತು. ಅಷ್ಟು ಗಟ್ಟಿ ಹೆಂಗಸು, ರೈಲಿನಲ್ಲಿ ಹತ್ತು ಜನರ ಜೊತೆ ಜಗಳವಾಡಿ ಸೀಟು ಉಳಿಸುತ್ತಿದ್ದವಳು, ತಪ್ಪು ತನ್ನದೇ ಎಂದು ನಂಬತೊಡಗಿದ್ದಳು.

ಇದೇ ದಿನಗಳಲ್ಲಿ ವಿಶ್ವವಿದ್ಯಾಲಯಕ್ಕೆ ನಮ್ಮ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಬಂತು. ಸಂಶೋಧನಾರ್ಥಿಗಳ ಬೆಂಬಲಕ್ಕೆಂದು ಒಂದು ಕೋಶ ಉದ್ಘಾಟನೆಯಾಯಿತು. ಹಾಜರಿ ಕಡ್ಡಾಯ. ದೀಪ ಹಚ್ಚಿದರು, ಫೋಟೋ ತೆಗೆದರು. ಎಲ್ಲಿಂದಲೋ ಕರೆಸಿದ್ದ ಭಾಷಣಕಾರರು ನಮ್ಮೆಲ್ಲರನ್ನೂ ಕಣ್ಣು ಮುಚ್ಚಿಸಿ, ಉಸಿರು ಎಳೆದುಕೊಳ್ಳಿ, ಬಿಡಿ, ನಿಮ್ಮ ಒತ್ತಡ ಹೊಗೆಯಂತೆ ಹೊರಗೆ ಹೋಗುತ್ತಿದೆ ಎಂದು ಭಾವಿಸಿ ಎಂದರು. ಸಮಸ್ಯೆ ಹೊರಗಿಲ್ಲ, ನೋಡುವ ದೃಷ್ಟಿಯಲ್ಲಿದೆ ಎಂದರು. ನಾನು ಕಣ್ಣು ಮುಚ್ಚಿದರೆ ಅಕ್ಕನ ಮುಖ ಬರುತ್ತಿತ್ತು. ತೆರೆದರೆ ಮೊದಲ ಸಾಲಿನಲ್ಲಿ ನಮ್ಮ ವಿಭಾಗದ ಮುಖ್ಯಸ್ಥರು, ಕಣ್ಣು ಮುಚ್ಚಿ, ಶಾಂತವಾಗಿ ಉಸಿರಾಡುತ್ತಿದ್ದರು.

ಪ್ರಶ್ನೆ ಇದ್ದರೆ ಕೇಳಿ ಅಂದಾಗ ಎದ್ದು ನಿಂತೆ. "ಗೈಡ್ ರಿಟೈರ್ ಆಗಿ, ಬೇರೆ ಗೈಡ್ ಕೊಡದೇ ಇದ್ರೆ ಉಸಿರು ಎಷ್ಟು ಹೊತ್ತು ಹಿಡ್ಕೋಬೇಕು ಮೇಡಂ?"

ಯಾರೋ ಕಿಸಕ್ಕೆಂದರು. ಭಾಷಣ ಮಾಡಿದವರು ಗಲಿಬಿಲಿಯಿಂದ ವೇದಿಕೆಯ ಕಡೆ ನೋಡಿದರು. ಮೈಕು ಹಿಡಿದಿದ್ದವರು, "ವೈಯಕ್ತಿಕ ವಿಷಯ ಇಲ್ಲಿ ಬೇಡ. ಪಾಸಿಟಿವ್ ಆಗಿ ಮುಗಿಸೋಣ" ಎಂದು ವಂದನಾರ್ಪಣೆಗೆ ಕರೆದರು.

ಊಟದ ಪೊಟ್ಟಣ ಹಿಡಿದು ಹೊರಗೆ ನಿಂತಿದ್ದಾಗ ಇಬ್ಬರು ಬಂದರು. ಒಬ್ಬರು ಇತಿಹಾಸ ವಿಭಾಗದವರು, ಬಂಗಾರಪೇಟೆ ಪಕ್ಕದ ಹಳ್ಳಿಯವರು. ಮನೆಯ ಹಸು ಕರೆದು, ಡೇರಿಗೆ ಹಾಲು ಹಾಕಿ, ಆಮೇಲೆ ರೈಲು ಹತ್ತುವವರು. ನಾನು ಅವರನ್ನು ಅಣ್ಣ ಅನ್ನುತ್ತೇನೆ. ಇನ್ನೊಬ್ಬರು ರಸಾಯನಶಾಸ್ತ್ರದ ಹೆಂಗಸು, ರಾಬರ್ಟ್‌ಸನ್‌ಪೇಟೆಯವರು, ಇಬ್ಬರು ಮಕ್ಕಳ ತಾಯಿ. ನಾವೆಲ್ಲ ಅವರನ್ನು ಕರೆಯುವುದು ಅತ್ತಿಗೆ ಎಂದು.

"ಯಾರಮ್ಮ ಅದು, ಗೈಡ್ ಇಲ್ದೇ ಇರೋದು? ನೀನಾ?" ಎಂದು ಅಣ್ಣ ಕೇಳಿದರು.

"ನಂಗೂ ಇಲ್ಲ. ಆದ್ರೆ ನಾನು ಕೇಳಿದ್ದು ನಮ್ಮ ಅಕ್ಕನ ಸಲುವಾಗಿ."

ಪೂರ್ತಿ ಕೇಳಿದ ಮೇಲೆ ಅತ್ತಿಗೆ ಹೇಳಿದರು: "ನಮ್ಮ ಯಜಮಾನರು ಟ್ಯೂಷನ್ ನಡೆಸೋ ರೂಮಿದೆ, ಮೇನ್ ರೋಡಿನ ಮೇಲೆ. ಭಾನುವಾರ ಮಧ್ಯಾಹ್ನ ಖಾಲಿ. ಅವಳನ್ನ ಕರ್ಕೊಂಡು ಬಾ."

ಕರೆದುಕೊಂಡು ಹೋಗುವುದು ಸುಲಭವಾಗಲಿಲ್ಲ. ಅಕ್ಕ ಬರುವುದಿಲ್ಲ ಅಂದಳು. ಕೊನೆಗೆ ಅತ್ತಿಗೆಯೇ ಆಟೋ ಮಾಡಿಕೊಂಡು ಲೈನಿಗೆ ಹೋಗಿ, ಅವಳ ಅಮ್ಮನ ಎದುರಿಗೆ ತಮಿಳಿನಲ್ಲಿ ಅದೇನು ಹೇಳಿದರೋ, ಅಕ್ಕ ಸೀರೆ ಬದಲಿಸಿ ಬಂದಳು. ಟ್ಯೂಷನ್ ರೂಮಿನಲ್ಲಿ ಮಕ್ಕಳ ಗಿಡ್ಡ ಬೆಂಚುಗಳು. ನಮ್ಮ ಮೊಣಕಾಲು ಗಲ್ಲಕ್ಕೆ ತಾಕುತ್ತಿತ್ತು. ಮೊದಲ ಭಾನುವಾರ ನಾವು ನಾಲ್ಕೇ ಜನ. ಅಕ್ಕ ಮಾತು ಶುರು ಮಾಡಿದವಳು ಅಳಲು ಶುರು ಮಾಡಿದಳು. ಯಾರೂ ಉಸಿರು ಎಳೆದುಕೊ ಅನ್ನಲಿಲ್ಲ. ಅತ್ತಿಗೆ ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಟ್ಟರು. ಅಳು ನಿಂತ ಮೇಲೆ ಅಣ್ಣ ಕೇಳಿದ್ದು ಒಂದೇ: "ಎಷ್ಟು ಅಧ್ಯಾಯ ಆಗಿದೆ?"

"ಐದು. ಆರನೇದು ಅರ್ಧ."

"ಹಂಗಾದ್ರೆ ಅರ್ಧ ಬರೀರಿ. ಬಾಗ್ಲು ತಟ್ಟೋದು ನಾವು ನೋಡ್ಕೊತೀವಿ."

ಮೊದಲು ತಟ್ಟಿದ್ದು ನಮ್ಮ ಹಳೆಯ ಗೈಡಿನ ಬಾಗಿಲು. ಅವರು ಬಂಗಾರಪೇಟೆಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಕೊಂಡಿದ್ದರು. ನಿವೃತ್ತಿಯಾದರೂ ಈಗಾಗಲೇ ಇದ್ದ ವಿದ್ಯಾರ್ಥಿಗಳನ್ನು ಕೊನೆ ಮುಟ್ಟಿಸಲು ಅವರಿಗೆ ಅವಕಾಶವಿತ್ತು. ಮುಂದುವರಿಸುತ್ತೇನೆ ಎಂದು ಬರೆದುಕೊಟ್ಟಿದ್ದರೆ ಮುಗಿದಿತ್ತು. ನಮ್ಮನ್ನು ನೋಡಿ ಸಂತೋಷಪಟ್ಟರು. ಅವರ ಮನೆಯವರು ಕಾಫಿ, ಕೋಡುಬಳೆ ತಂದಿಟ್ಟರು. ಅವರು ತಮ್ಮ ಮಂಡಿ ನೋವಿನ ಬಗ್ಗೆ, ಟೆರೇಸಿನ ಮೇಲೆ ಬೆಳೆದ ಗುಲಾಬಿ ಬಗ್ಗೆ ಹೇಳಿದರು. ಅಕ್ಕ ವಿಷಯಕ್ಕೆ ಬಂದಾಗ ಅವರು ಮುಖ ಗಂಟಿಕ್ಕಿದರು.

"ನಾನೀಗ ಅದರಿಂದೆಲ್ಲ ದೂರ ಬಂದ್ಬಿಟ್ಟಿದೀನಮ್ಮ. ಆ ರಾಜಕೀಯ ನಂಗೆ ಬೇಡ. ನೀನು ಸ್ವಲ್ಪ ಸೂಕ್ಷ್ಮ. ಗಟ್ಟಿಯಾಗಬೇಕು."

"ನಾನು ಗಟ್ಟಿಯಾಗೇ ಇದೀನಿ ಸಾರ್" ಎಂದಳು ಅಕ್ಕ. "ಒಂದು ಸಹಿ ಕೇಳೋಕೆ ಬಂದಿದೀನಿ."

"ನನ್ನ ಆಶೀರ್ವಾದ ಯಾವಾಗ್ಲೂ ಇದೆ."

ನಾನು ಕಾಫಿ ಮುಟ್ಟಲಿಲ್ಲ. ಅಕ್ಕ ಅವಸರವಿಲ್ಲದೆ ಪೂರ್ತಿ ಕುಡಿದು, ಲೋಟವನ್ನು ತಟ್ಟೆಯಲ್ಲಿಟ್ಟು, ಅವರ ಮನೆಯವರಿಗೆ ಕಾಫಿ ಚೆನ್ನಾಗಿತ್ತು ಎಂದು ಹೇಳಿ ಎದ್ದಳು. ಕಾಲಿಗೆ ಬೀಳಲಿಲ್ಲ. ಅದುವರೆಗೆ ಅವರ ಮನೆಗೆ ಹೋದಾಗಲೆಲ್ಲ ಬೀಳುತ್ತಿದ್ದಳು. ಅವರು ಕಾಯುತ್ತ ಒಂದು ಕ್ಷಣ ಹಾಗೇ ನಿಂತಿದ್ದರು.

ಗೇಟಿನ ಹೊರಗೆ ಬಂದ ಮೇಲೆ ಅವಳು ಹೇಳಿದಳು: "ಆ ಶಾಲೆಯವ್ರಿಗೆ ಕೆಲ್ಸ ಬೇಡ ಅಂತ ನಾಳೆ ಹೇಳ್ಬಿಡ್ತೀನಿ." ಬಹಳ ದಿನಕ್ಕೆ ಅವಳ ದನಿ ರೈಲಿನ ದನಿಯಂತೆ ಕೇಳಿಸಿತು.

ಅಷ್ಟು ಹೊತ್ತಿಗೆ ಟ್ಯೂಷನ್ ರೂಮಿಗೆ ಜನ ಕೂಡತೊಡಗಿದ್ದರು. ಒಬ್ಬರು ಇನ್ನೊಬ್ಬರಿಗೆ ಹೇಳಿ, ಬೇರೆ ಬೇರೆ ವಿಭಾಗದವರು, ಮಾಲೂರು ಮುಳಬಾಗಿಲ ಕಡೆಯವರೂ ಬಂದರು. ಒಬ್ಬೊಬ್ಬರದು ಒಂದೊಂದು ಕಥೆ. ಒಬ್ಬಳ ಗೈಡ್ ಆರು ತಿಂಗಳಿಂದ ಅಧ್ಯಾಯ ಓದಿಲ್ಲ. ಒಬ್ಬನಿಗೆ ಗೈಡ್ ಮಗಳ ಮದುವೆಯ ಪತ್ರಿಕೆ ಹಂಚುವ ಕೆಲಸ. ಒಬ್ಬಳಿಗೆ ಮಗು ಹುಟ್ಟಿದ್ದೇ ಅಪರಾಧ. ಹೊಟ್ಟೆಪಾಡಿನ ಕಷ್ಟವೇ ನೂರಿರುವ ಮನೆಗಳಿಂದ ಬಂದ ಮಕ್ಕಳು ಇವರು. ಮನೆಯಲ್ಲಿ ಮೊದಲ ಸಲ ಕಾಲೇಜು ಕಂಡವರು. ಪಿಎಚ್‌ಡಿ ಅಂದರೆ ಹೀಗೇ ಇರುತ್ತದೇನೋ ಎಂದು ಅವರವರ ಮೂಲೆಯಲ್ಲಿ ಒಬ್ಬೊಬ್ಬರೇ ನುಂಗಿಕೊಂಡಿದ್ದರು.

ಒಂದು ದಿನ ನಾವೆಲ್ಲ ಡೀನ್ ಕಚೇರಿಯ ಮುಂದಿನ ಮೊಗಸಾಲೆಯಲ್ಲಿ ಹೋಗಿ ಕೂತೆವು. ಘೋಷಣೆ ಇಲ್ಲ, ಬ್ಯಾನರ್ ಇಲ್ಲ. ಬೆಂಚು ಸಾಲದ್ದಕ್ಕೆ ನೆಲದ ಮೇಲೆ. ಅವರವರ ಓದು ಬಿಚ್ಚಿಕೊಂಡು ಓದುತ್ತ ಕೂತೆವು. ಮಧ್ಯಾಹ್ನಕ್ಕೆ ಡೀನ್ ಹೊರಗೆ ಬಂದರು.

"ಏನಿದು? ಒಬ್ಬಳ ವಿಷಯಕ್ಕೆ ಇಷ್ಟು ಜನ ಯಾಕೆ? ಅವಳೊಬ್ಬಳೇ ಬರಲಿ."

ಅತ್ತಿಗೆ ಕೂತಲ್ಲಿಂದಲೇ ಹೇಳಿದರು: "ಒಬ್ಬಳೇ ಎಷ್ಟೋ ಸಲ ಬಂದಿದ್ಲು ಸಾರ್. ನೀವು ಇಲ್ಲೇ ಈ ಬೆಂಚಲ್ಲಿ ಕೂರ್ಸಿದ್ರಿ."

"ಭಾವನಾತ್ಮಕವಾಗಿ ಮಾತಾಡಬೇಡಿ. ಕಮಿಟಿ ಇದೆ."

"ಕಮಿಟಿ ಯಾವತ್ತು ಕೂರುತ್ತೆ ಸಾರ್?" ಎಂದು ಅಣ್ಣ ಕೇಳಿದರು. "ಅದು ಕೂರೋವರೆಗೂ ನಾವೂ ಕೂತಿರ್ತೀವಿ."

ಡೀನ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸಾಯಂಕಾಲದ ಗಾಡಿಯ ಹೊತ್ತಾಯಿತು. ಯಾರೂ ಏಳಲಿಲ್ಲ. ಆಗ ಪರಿಸರ ವಿಜ್ಞಾನದ ಒಬ್ಬ ಮೇಡಂ, ಏನೋ ಕೆಲಸಕ್ಕೆ ಆ ಕಚೇರಿಗೆ ಬಂದವರು, ನಮ್ಮನ್ನು ದಾಟಿ ಹೋಗುವಾಗ ನಿಂತರು. ಅಕ್ಕನ ಮಡಿಲಲ್ಲಿದ್ದ ಹಾಳೆಗಳನ್ನು ನೋಡಿ ಕೈ ಚಾಚಿದರು. ಅಲ್ಲೇ ನಿಂತು ಓದಿದರು. ಆಮೇಲೆ ಬೆಂಚಿನಲ್ಲಿ ಜಾಗ ಮಾಡಿಸಿಕೊಂಡು ಕೂತು ಓದಿದರು.

"ಇದನ್ನ ಯಾರು ಬೇಡ ಅಂದಿದ್ದು?" ಎಂದು ಕೇಳಿದರು. ಹಾಳೆಗಳನ್ನು ಜೋಡಿಸಿ ಅಕ್ಕನ ಕೈಗಿಟ್ಟರು. "ಸರಿ. ನಾನು ಗೈಡ್ ಆಗ್ತೀನಿ" ಎಂದು ಹೇಳಿ ಡೀನರ ಬಾಗಿಲು ತಳ್ಳಿ ಒಳಗೆ ಹೋದರು.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಿತು ಅಂದುಕೊಳ್ಳುವವರಿಗೆ ಹೇಳುತ್ತೇನೆ. ಮುಗಿಯಲಿಲ್ಲ. ವಿಭಾಗ ಬದಲಾದ ಕಾರಣ ಕೊಟ್ಟು ನಮ್ಮ ಮುಖ್ಯಸ್ಥರು ಅಕ್ಕನ ಒಣಗಿಸಿದ ಗಿಡಗಳ ಬೀರುವಿಗೆ ಬೀಗ ಹಾಕಿಸಿದರು. ಐದು ವರ್ಷದ ಗಿಡಗಳು ಒಳಗೆ, ಅವಳು ಹೊರಗೆ. ಬರೆದದ್ದಕ್ಕೆ ಆಧಾರವಾಗಿ ಗಿಡ ತೋರಿಸದೆ ಪ್ರಬಂಧ ನಿಲ್ಲುವುದಿಲ್ಲ. ಹೊಸ ಮೇಡಂ ಪತ್ರದ ಮೇಲೆ ಪತ್ರ ಬರೆದರು. ಬೀಗ ತೆಗೆಯಲಿಲ್ಲ. ಅವರಿಗೂ ಆಮೇಲೆ ಸಭೆಗಳಲ್ಲಿ ಸಣ್ಣ ಸಣ್ಣ ಕಿರುಕುಳ ಶುರುವಾಯಿತು. ನಮ್ಮ ಎದುರಿಗೆ ಅವರು ಅದನ್ನು ಹೇಳಿಕೊಳ್ಳಲಿಲ್ಲ.

"ಮತ್ತೆ ತಂದ್ರಾಯ್ತು" ಎಂದಳು ಅಕ್ಕ.

ಹಾಗೆ ಆ ಮಳೆಗಾಲದ ಭಾನುವಾರಗಳಲ್ಲಿ ಟ್ಯೂಷನ್ ರೂಮಿನ ಮಂದಿಯೆಲ್ಲ ಸೈನೈಡ್ ಗುಡ್ಡ ಹತ್ತಿದೆವು. ಮೂಗು ಬಾಯಿಗೆ ಒದ್ದೆ ಟವೆಲು ಕಟ್ಟಿಕೊಂಡು, ಚೀಲದಲ್ಲಿ ಹಳೇ ಪೇಪರು ತುಂಬಿಕೊಂಡು. ಎಕ್ಕದ ಗಿಡ ಬಿಟ್ಟರೆ ಬೇರೆ ಹೆಸರು ಗೊತ್ತಿಲ್ಲದ ಅಣ್ಣ ಬೇರು ಮುರಿಯದಂತೆ ಹುಲ್ಲು ಕೀಳುವುದನ್ನು ಕಲಿತರು. ಮೊದಲ ದಿನ ಬುಡ ಸಮೇತ ಕಿತ್ತು ತಂದದ್ದೆಲ್ಲ ಒಂದೇ ಜಾತಿಯದು ಎಂದು ಗೊತ್ತಾಗಿ ಎಲ್ಲರೂ ನಕ್ಕೆವು. ಗಾಳಿ ಬಂದರೆ ಬೆನ್ನು ತಿರುಗಿಸಿ ಕೂರುತ್ತಿದ್ದೆವು. ಹಲ್ಲಿನ ನಡುವೆ ಧೂಳು ಕರಕರ ಅನ್ನುತ್ತಿತ್ತು. ಮಧ್ಯಾಹ್ನ ಅಕ್ಕನ ಅಮ್ಮ ದೊಡ್ಡ ಡಬ್ಬಿಯಲ್ಲಿ ಪುಳಿಯೋಗರೆ ಕಳಿಸುತ್ತಿದ್ದರು. ಅವರಿಗೆ ಆಗ ಎಲ್ಲ ಗೊತ್ತಾಗಿತ್ತು. ಒಂದು ದಿನ ತಾವೇ ತಂದು ಬಡಿಸುತ್ತ, "ಇಷ್ಟು ಮಕ್ಳು ಇದಾರಲ್ಲ, ಒಂದು ಮಾತು ನಂಗೆ ಹೇಳೋಕೆ ಆಗ್ಲಿಲ್ವಾ ನಿಂಗೆ?" ಎಂದು ಅಕ್ಕನ ತಲೆಗೆ ಮೊಟಕಿದರು.

ನಗು ಬಂದದ್ದು ನಿಜ, ಊಟ ರುಚಿಯಾಗಿದ್ದದ್ದೂ ನಿಜ. ಆದರೆ ಒಂದು ಬೀರುವಿನ ಬೀಗ ತೆಗೆದಿದ್ದರೆ ಆ ವಿಷದ ಧೂಳನ್ನು ಅಷ್ಟು ಜನ ಕುಡಿಯುವ ಅಗತ್ಯವೇ ಇರಲಿಲ್ಲ. ಅತ್ತಿಗೆಗೆ ಆಮೇಲೆ ಬಹಳ ದಿನ ಕೆಮ್ಮು ಬಿಡಲಿಲ್ಲ. ಈ ಕಥೆ ಕೇಳಿದವರು, ಎಂಥ ಒಗ್ಗಟ್ಟು ನಿಮ್ಮದು ಎಂದು ಮೆಚ್ಚಿಕೊಂಡಾಗ ನನಗೆ ಮೈ ಉರಿಯುತ್ತದೆ. ನಾವು ಒಗ್ಗಟ್ಟು ತೋರಿಸಲು ಗುಡ್ಡ ಹತ್ತಲಿಲ್ಲ. ಒಬ್ಬ ಮನುಷ್ಯ ಒಂದು ಕೀಲಿ ಕೊಡಲಿಲ್ಲ, ಅದಕ್ಕೆ ಹತ್ತಿದೆವು.

ಕೆಲವು ಗಿಡಗಳು ಮಳೆ ನಿಂತ ಮೇಲೆಯೇ ಹೂ ಬಿಡುವುದು. ಅವಕ್ಕೆ ಕಾಯಬೇಕಾಯಿತು. ಹೀಗೆ ಕಾಯುತ್ತಿದ್ದಾಗಲೇ ಸರ್ಕಾರಿ ಕಾಲೇಜುಗಳ ಅಧ್ಯಾಪಕ ಹುದ್ದೆಗಳಿಗೆ ಅರ್ಜಿ ಕರೆದರು. ಅವಳು ಎಷ್ಟೋ ವರ್ಷದಿಂದ ಕಾದಿದ್ದ ಕರೆ. ಅವಳ ಜೊತೆಗೆ ಸೇರಿದವರು ಡಾಕ್ಟರೇಟ್ ಹಿಡಿದುಕೊಂಡು ಅರ್ಜಿ ಹಾಕಿದರು. ಪಿಎಚ್‌ಡಿ ಇಲ್ಲದಿದ್ದರೂ ಅರ್ಹತೆ ಕೊಡುವ ಪರೀಕ್ಷೆಯನ್ನು ಅವಳು ಪಾಸು ಮಾಡಿರಲಿಲ್ಲ, ಪ್ರಬಂಧ ಮುಗಿದೇ ಹೋಗುತ್ತದಲ್ಲ ಎಂದು ಬಿಟ್ಟಿದ್ದಳು. ಕೊನೆಯ ದಿನ ದಾಟುವುದನ್ನು ನಾವು ಸುಮ್ಮನೆ ನೋಡಿದೆವು.

ಪ್ರಬಂಧ ಕೊನೆಗೂ ಒಳಗೆ ಹೋಯಿತು. ಪರೀಕ್ಷಕರು ಹೊಗಳಿ ಬರೆದರು. ಮೌಖಿಕ ಪರೀಕ್ಷೆಯ ದಿನ ಅವಳು ನಿಂತು ಉತ್ತರ ಹೇಳುತ್ತಿದ್ದರೆ, ಹಿಂದಿನ ಸಾಲುಗಳಲ್ಲಿ ಕೂತಿದ್ದ ನಮಗೆ ಒಂದೊಂದು ಗಿಡದ ಹೆಸರಿಗೂ ಒಂದೊಂದು ಭಾನುವಾರ ಕಣ್ಣ ಮುಂದೆ ಬರುತ್ತಿತ್ತು. ಮುಗಿದ ಮೇಲೆ ನಮ್ಮ ವಿಭಾಗದ ಮುಖ್ಯಸ್ಥರು ಎಲ್ಲಿಂದಲೋ ಹೂಗುಚ್ಛ ಹಿಡಿದು ಬಂದರು. "ನಮ್ಮ ಡಿಪಾರ್ಟ್‌ಮೆಂಟಿನ ಹುಡುಗಿ" ಎಂದು ಹೊರಗಿನ ಪರೀಕ್ಷಕರಿಗೆ ಹೇಳಿ, ಫೋಟೋಗೆ ಅವಳ ಪಕ್ಕದಲ್ಲಿ ನಿಂತರು. ಅಕ್ಕ ಪಕ್ಕಕ್ಕೆ ಸರಿದಳು. ಅವರೂ ಸರಿದರು. ಅವಳು ಮತ್ತೆ ಸರಿದು ಅತ್ತಿಗೆಯ ಹಿಂದೆ ಹೋಗಿ ನಿಂತಳು. ಫೋಟೋ ತೆಗೆಯುವವನಿಗೆ ಏನು ಮಾಡಬೇಕೋ ತಿಳಿಯಲಿಲ್ಲ.

ಮುಂದಿನ ತಿಂಗಳು ಬೆಂಬಲ ಕೋಶದಿಂದ ಫೋನ್ ಬಂತು. ನಿಮ್ಮ ಯಶಸ್ಸಿನ ಕಥೆಯನ್ನು ಹೊಸ ವಿದ್ಯಾರ್ಥಿಗಳಿಗೆ ಹೇಳಬೇಕು, ಅರ್ಧ ಗಂಟೆ, ಸ್ಫೂರ್ತಿ ಸಿಗುವ ಹಾಗೆ. ಅಕ್ಕ ಸ್ಪೀಕರಿಗೆ ಹಾಕಿ ನಮಗೂ ಕೇಳಿಸಿದಳು.

"ಬರ್ತೀನಿ ಸಾರ್. ನಡೆದಿದ್ದು ನಡೆದ ಹಂಗೇ ಹೇಳ್ಬಹುದಾ?"

"ನೆಗೆಟಿವ್ ಬೇಡ ಮೇಡಂ. ಛಲದ ಬಗ್ಗೆ ಹೇಳಿ."

"ಹಂಗಾದ್ರೆ ಬೇರೆಯವ್ರನ್ನ ಕರೀರಿ" ಎಂದು ಫೋನ್ ಇಟ್ಟಳು.

ಈಗ ಅವಳು ಬಂಗಾರಪೇಟೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ವರ್ಷ ವರ್ಷವೂ ಮುಂದುವರಿಸುತ್ತಾರೋ ಇಲ್ಲವೋ ಎಂದು ಕಾಯುವ ಕೆಲಸ. ಇನ್ನೊಂದು ಅರ್ಜಿ ಯಾವಾಗ ಕರೆಯುತ್ತಾರೋ ಗೊತ್ತಿಲ್ಲ. ನನಗೆ ಬಹಳ ಕಾದ ಮೇಲೆ ಅದೇ ಪರಿಸರ ವಿಜ್ಞಾನದ ಮೇಡಂ ಹತ್ತಿರ ಜಾಗ ಸಿಕ್ಕಿತು. ನಮ್ಮ ಕಡೆಯ ಕೆರೆಗಳಲ್ಲಿ ಬೆಳೆಯುವ ಕಳೆಗಳ ಮೇಲೆ ಕೆಲಸ ಮಾಡುತ್ತಿದ್ದೇನೆ. ಇನ್ನೂ ಮುಗಿದಿಲ್ಲ.

"ಆಗಿದ್ದು ಆಯ್ತಲ್ಲ, ಡಾಕ್ಟರೇಟ್ ಬಂತಲ್ಲ, ಇನ್ನೂ ಯಾಕೆ ಕುದೀತೀಯ?" ಎಂದು ಕೇಳುವವರಿದ್ದಾರೆ. ಅವಳಿಗೆ ಸಿಗಬೇಕಾದದ್ದು ಸಿಕ್ಕಿತು ಎಂದು ಯಾರು ಹೇಳಿದರು? ಸಿಗಬೇಕಾದದ್ದು ಸಿಗಬೇಕಾದ ಹೊತ್ತಿಗೆ ಸಿಗದಂತೆ ಮಾಡಿದವರು ಇವತ್ತೂ ಅದೇ ಕುರ್ಚಿಯಲ್ಲಿದ್ದಾರೆ. ಯಾರೂ ಅವರನ್ನು ಏನೂ ಕೇಳಲಿಲ್ಲ. ನನ್ನ ಸಿಟ್ಟು ಅದಕ್ಕೆ.

ಕಳೆದ ಭಾನುವಾರ ಇತಿಹಾಸದ ಅಣ್ಣ ಮಂಕಾಗಿ ಬಂದರು. ಅವರ ಆರು ತಿಂಗಳ ವರದಿಯನ್ನು ಗೈಡ್ ಓದದೆಯೇ ತೃಪ್ತಿಕರವಲ್ಲ ಎಂದು ಬರೆದಿದ್ದಾರೆ. ಇನ್ನೊಂದು ಸಲ ಹಾಗಾದರೆ ನೋಂದಣಿ ಹೋಗುತ್ತದೆ. ಅಷ್ಟು ಜನರಿಗೆ ಧೈರ್ಯ ಹೇಳಿದ ಮನುಷ್ಯ, "ನಾನೇ ಸರಿಯಾಗಿ ಬರೀಲಿಲ್ವೇನೋ" ಎಂದು ಗಿಡ್ಡ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತರು.

ಅಕ್ಕ ಅವರ ಕೈಯಿಂದ ವರದಿ ಕಿತ್ತುಕೊಂಡು ಓದಿದಳು. ಅತ್ತಿಗೆ ಓದಿದರು. ನಾನೂ ಓದಿದೆ. ಅದರಲ್ಲಿ ಏನೂ ಕಡಿಮೆಯಿರಲಿಲ್ಲ.

"ಬುಧವಾರ ನಂಗೆ ಮೊದಲನೇ ಎರಡು ಪೀರಿಯಡ್ಡಷ್ಟೇ ಇರೋದು" ಎಂದಳು ಅಕ್ಕ. "ಹನ್ನೊಂದು ಗಂಟೆ ಗಾಡಿಗೆ ಬರ್ತೀನಿ. ನಿಮ್ಮ ಗೈಡ್ ರೂಮು ಯಾವ ಮಹಡೀಲಿದೆ?"